ಹಬ್ಬದ ದುಡಿಮೆಗೂ ಮುಯ್ಯಾಳು ಬೇಕು

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ತುಂಗೆಯ ದಡದಲ್ಲಿರುವ ಮಂಡಗದ್ದೆಯನ್ನು ನಮ್ಮ ವಾಚಕರಲ್ಲಿ ಅನೇಕರು ಹಕ್ಕಿಗಳ ಊರೆಂದು ಬಲ್ಲರು. ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಹೊಳೆಯ ನಡುಗಡ್ಡೆಯ ಮರಗಳಲ್ಲಿ ಗೂಡುಕಟ್ಟಿ ಮರಿಮಾಡುವುವು. ಅವು ಮರಿಗಳಿಗೆ ಗುಟುಕು ಕೊಡುತ್ತಿರುವಾಗಲೇ ಈ ಸೀಮೆಯ ಮನೆಗಳಲ್ಲಿ ಹಬ್ಬಗಳ ಸಾಲು ಮೊದಲಾಗುವುದು. ಭಾದ್ರಪದದ ಗೌರಿಯಿಂದ ದೀಪಾವಳಿಯವರೆಗೆ ಎರಡು ತಿಂಗಳ ಕಾಲ ಚೌತಿ, ಪಿತೃಪಕ್ಷ, ನವರಾತ್ರಿ, ಭೂಮಿಹುಣ್ಣಿಮೆಗಳು ಒಂದರ ಬೆನ್ನಿಗೊಂದು ಬರುವುವು. ಮನೆಮಂದಿಗೆಲ್ಲ ಇವು ಸಂತೋಷದ ದಿನಗಳು; ಗೃಹಿಣಿಗೆ ಮಾತ್ರ ಸಂತೋಷದೊಡನೆ ಆಯಾಸವೂ ಕಳವಳವೂ ಬೆರೆತ ದಿನಗಳು.

ಭೂಮಿಹುಣ್ಣಿಮೆಯನ್ನೇ ನೋಡೋಣ. ಹೊಡೆತುಂಬಿದ ಪೈರನ್ನು ಬಸುರಿಯೆಂದು ಭಾವಿಸಿ ಭೂಮಿತಾಯಿಗೆ ಬಯಕೆಯೂಟವಿಕ್ಕುವ ಹಬ್ಬವದು. ನಸುಕಿನಲ್ಲಿಯೇ ಗದ್ದೆಗೆ ಎಡೆ ಹೋಗಬೇಕಾದುದರಿಂದ, ಬಗೆಬಗೆಯ ಸೊಪ್ಪುಗಳನ್ನು ಬೇಯಿಸುತ್ತ, ಕಡುಬು ಮಾಡುತ್ತ ಹೆಂಗಸರು ರಾತ್ರಿಯೆಲ್ಲ ಒಲೆಯ ಮುಂದಿರುವರು. ಭೂಮಿಯ ಬಯಕೆ ತೀರುವುದು. ಅಟ್ಟವಳ ನಿದ್ದೆಯ ಬಯಕೆಯನ್ನು ಕೇಳುವವರಿಲ್ಲ. ಹದಿನೈದು ದಿನ ಕಳೆಯುವಷ್ಟರಲ್ಲಿ ದೀಪಾವಳಿ. ಹಂಡೆ ಬೆಳಗಿ ನೀರು ತುಂಬಬೇಕು, ಗೋಪೂಜೆಗೆ ಅಣಿಮಾಡಬೇಕು, ನಂಟರನ್ನು ಉಪಚರಿಸಬೇಕು. ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಬಂದರೆ ಎದ್ದು ಎಣ್ಣೆಯೆರೆಯಬೇಕು.

ಕೈಕೆಲಸಕ್ಕಿಂತ ಮಿಗಿಲಾದುದು ಮನಸ್ಸಿನ ಹೊರೆ. ಕಾಯಿ ಸಾಕಾದೀತೇ, ಖರ್ಚು ಕೈಮೀರೀತೇ, ಮಡಿಗೆ ಲೋಪ ಬಂದೀತೇ, ಅತ್ತೆಯವರು ಏನೆಂದಾರು—ಇವೆಲ್ಲವನ್ನೂ ನೆನಪಿನಲ್ಲಿಟ್ಟುಕೊಂಡೇ ಆಕೆ ನಗುಮುಖದಿಂದಿರಬೇಕು. ಶಾಲೆಯಲ್ಲಿಯೋ ಕಚೇರಿಯಲ್ಲಿಯೋ ದುಡಿಯುವವಳಾದರೆ ಹೊರೆ ಇಮ್ಮಡಿ. ತಡೆದ ಸಿಟ್ಟು ಕೊನೆಗೆ ಮಗುವಿನ ಮೇಲೆ ಹರಿದು, ಹಬ್ಬದ ದಿನವೇ ಕಣ್ಣೀರಾಗುವುದುಂಟು. ಇದು ಹಬ್ಬದ ದಿನಗಳ ಮಾತು ಮಾತ್ರವಲ್ಲ. 2024ರಲ್ಲಿ ಭಾರತ ಸರ್ಕಾರ ನಡೆಸಿದ ಕಾಲಬಳಕೆಯ ಸಮೀಕ್ಷೆಯಂತೆ, ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ 289 ನಿಮಿಷಗಳನ್ನೂ, ಮಾಡುವ ಗಂಡಸರು 88 ನಿಮಿಷಗಳನ್ನೂ ಕೊಡುವರು.

ಇದಕ್ಕೆ ಹಬ್ಬವನ್ನು ಬಿಡುವುದು ಪರಿಹಾರವಲ್ಲ. ಮಲೆನಾಡಿಗರು ನೆಟ್ಟಿಯ ಕಾಲದಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವರು. ಗದ್ದೆಗೆ ಸಲ್ಲುವ ಈ ನ್ಯಾಯ ಅಡಿಗೆಮನೆಗೇಕೆ ಸಲ್ಲಬಾರದು? ಶಿರಸಿಯ ಕಡೆ ಚೌತಿಗೆ ಮುನ್ನ ನೆರೆಹೊರೆಯವರೆಲ್ಲ ಒಂದು ಮನೆಯಲ್ಲಿ ಕಲೆತು ‘ಚಕ್ಕುಲಿ ಕಂಬಳ’ ನಡೆಸುವರು. ಗಂಡಸರೂ ಕುಳಿತು ಕೈಯಿಂದಲೇ ಚಕ್ಕುಲಿ ಸುತ್ತುವರು. ಮಾತು ನಗೆಗಳ ನಡುವೆ ದುಡಿಮೆಯೇ ಹಬ್ಬವಾಗುವುದು.

ಆದುದರಿಂದ ಯಜಮಾನರಲ್ಲಿ ನಮ್ಮದೊಂದು ವಿಜ್ಞಾಪನೆ. ಹಬ್ಬಕ್ಕೆ ವಾರ ಮೊದಲೇ ಮನೆಯವರೆಲ್ಲ ಕುಳಿತು ಕೆಲಸಗಳನ್ನು ಹಂಚಿಕೊಳ್ಳಿರಿ. ಕಾಯಿ ತುರಿಯುವುದು, ಎಲೆ ಹಾಕಿ ಬಡಿಸುವುದು, ಪಾತ್ರೆ ತೊಳೆಯುವುದು ಗಂಡುಮಕ್ಕಳಿಗೂ ಬರಲಿ. ಎರಡು ಭಕ್ಷ್ಯ ಕಡಿಮೆಯಾದರೆ ದೇವರು ಮುನಿಯನು. ಅಡಿಗೆ ಮಾಡಿದವರು ಒಂದು ಹಬ್ಬಕ್ಕಾದರೂ ಮೊದಲ ಪಂಕ್ತಿಯಲ್ಲಿ ಬಿಸಿಯೂಟ ಉಣ್ಣಲಿ. ಸೋದರಿಯರೂ ‘ನನ್ನಿಂದಾಗದು’ ಎಂದು ಹೇಳಲು ಸಂಕೋಚಪಡಬಾರದು. ಹಬ್ಬ ಕಳೆದು ಎರಡು ವಾರವಾದರೂ ನಿದ್ದೆ ಬಾರದಿದ್ದರೆ, ಮನಸ್ಸು ಕುಗ್ಗಿಯೇ ಇದ್ದರೆ ವೈದ್ಯರನ್ನು ಕಾಣುವುದು ಲೇಸು.

ಮಂಡಗದ್ದೆಯ ಬೆಳ್ಳಕ್ಕಿಗಳಲ್ಲಿ ಗಂಡುಹೆಣ್ಣುಗಳೆರಡೂ ಸರದಿಯಿಂದ ಕಾವು ಕೂರುವುವು, ಎರಡೂ ಗುಟುಕು ತರುವುವು. ಅಷ್ಟು ವಿವೇಕ ನಮ್ಮ ಮನೆಗಳಲ್ಲಿಯೂ ನೆಲಸಲಿ.