ನೂರಾರು ಮಾಡ್, ಒಂದೇ ಕಟ್ಟು

ಪ್ರಶ್ನೆ: ‘ಸ್ಕೈರಿಮ್’ ಆಟಕ್ಕೆ ಸಿದ್ಧ ಮಾಡ್ ಸಂಗ್ರಹ ಹಾಕಿಕೊಳ್ಳಬಹುದೇ?
– ಓದುಗರು, ರಾಣೆಬೆನ್ನೂರು

ಉತ್ತರ: ಧಾರಾಳವಾಗಿ. 2011ರ ಈ ಆಟಕ್ಕೆ ಹೊಸ ಕಾಳಗ, ಹೊಸ ಊರು, ಹೊಸ ಮುಖಗಳನ್ನು ಅಭಿಮಾನಿಗಳೇ ಮಾಡಿಕೊಟ್ಟಿದ್ದಾರೆ; ಇಂಥ ಮಾರ್ಪಾಡುಗಳೇ ಮಾಡ್‌ಗಳು. ಕಷ್ಟವಿರುವುದು ಅವನ್ನು ಒಂದಕ್ಕೊಂದು ಹೊಂದಿಸುವುದರಲ್ಲಿ. ಎರಡು ಮಾಡ್‌ಗಳು ಒಂದೇ ಹಳ್ಳಿಯನ್ನು ತಿದ್ದಿದರೆ ಮನೆಯೊಳಗೇ ಮರ ಎದ್ದು ನಿಲ್ಲಬಹುದು! ಸಂಗ್ರಹ ಕಟ್ಟಿದವರು ಇಂಥ ತಂಟೆಗಳನ್ನು ಮೊದಲೇ ಬಗೆಹರಿಸಿರುತ್ತಾರೆ. ಆ ದುಡಿಮೆ ನಿಜಕ್ಕೂ ದೊಡ್ಡದು.

ಇಂಥ ಸಂಗ್ರಹಗಳು ಸಿಗುವ ನೆಕ್ಸಸ್ ಮಾಡ್ಸ್ ಜಾಲತಾಣದಲ್ಲಿ ಹಣ ಕಟ್ಟದವರು ಪ್ರತಿ ಮಾಡ್‌ಗೂ ಬೇರೆಯಾಗಿ ಡೌನ್‌ಲೋಡ್ ಒತ್ತಬೇಕು. ದೊಡ್ಡ ಸಂಗ್ರಹ 100 ಜಿಬಿ ದಾಟಬಹುದು, ಮೊಬೈಲ್ ಡೇಟಾ ನೆಚ್ಚಬೇಡಿ. ಆಟ ಕೊಳ್ಳುವ ಸ್ಟೀಮ್ ತಾಣ ತಾನಾಗಿ ಆಟವನ್ನು ಅಪ್‌ಡೇಟ್ ಮಾಡಿದರೆ, ಎಸ್‌ಕೆಎಸ್‌ಇ ಎಂಬ ಸಹಾಯಕ ತಂತ್ರಾಂಶವನ್ನು ನೆಚ್ಚಿದ ಮಾಡ್‌ಗಳು ನಿಂತುಹೋಗಬಹುದು.

ಆಟದ ನಡುವೆ ಮಾಡ್ ಕಿತ್ತರೆ ಉಳಿಸಿಟ್ಟ ಆಟ (ಸೇವ್) ಕೆಡಬಹುದು. ರುಬ್ಬಿದ ಮಸಾಲೆಯಿಂದ ಬ್ಯಾಡಗಿ ಮೆಣಸಿನಕಾಯಿಯನ್ನಷ್ಟೇ ಹೊರತೆಗೆಯಲಾದೀತೆ? ಬದಲಾವಣೆ ಬೇಕಿದ್ದರೆ ಹೊಸ ಆಟವನ್ನೇ ಶುರುಮಾಡಿ.