ಮನೆಯಲ್ಲಿ ಕಾಡತೂಸು ಕಟ್ಟುವವರ ಒತ್ತುಯಂತ್ರ

ಶ್ಯಾವಿಗೆಯ ಒರಳನ್ನು ಒತ್ತಿ ಬಲ್ಲವರಿಗೆ ಈ ಲೇಖನದ ಅರ್ಧ ವಿಷಯವು ಆಗಲೇ ತಿಳಿದಿದೆಯೆನ್ನಬಹುದು. ಕರಾವಳಿಯವರು ಅದನ್ನು ಸೇಮಿಗೆಯ ಮಣೆಯೆನ್ನಲಿ, ಘಟ್ಟದ ಮೇಲಿನವರು ಒರಳೆನ್ನಲಿ, ತತ್ತ್ವವು ಒಂದೇ. ಕಾಲುಗಳು ನೆಲದ ಮೇಲೆ ಅಲುಗದೆ ನಿಲ್ಲಬೇಕು. ಒತ್ತುವ ದಂಡವು ಅಚ್ಚಿನ ನಟ್ಟನಡುವೆ ಇಳಿಯಬೇಕು. ಹಿಡಿಕೆಯು ಉದ್ದವಾಗಿದ್ದಷ್ಟೂ ತೋಳಿಗೆ ಶ್ರಮ ಕಡಿಮೆ. ಇವುಗಳಲ್ಲಿ ಒಂದು ತಪ್ಪಿದರೂ ಹಿಟ್ಟು ಒಂದು ಪಕ್ಕದಿಂದ ಮೇಲಕ್ಕೆ ಉಕ್ಕುವುದನ್ನು ನಮ್ಮ ಅಡಿಗೆಯವರು ಎಷ್ಟೋ ಬಾರಿ ಕಂಡಿದ್ದಾರೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಎಷ್ಟೋ ಮಂದಿ ಗೃಹಸ್ಥರು ತಮ್ಮ ಮೋಟಾರುಖಾನೆಯ ಮೂಲೆಯಲ್ಲೋ ನೆಲಮಾಳಿಗೆಯಲ್ಲೋ ಇದೇ ತತ್ತ್ವದ ಮತ್ತೊಂದು ಯಂತ್ರವನ್ನು ಮೇಜಿಗೆ ಬಿಗಿದು ಇರಿಸಿಕೊಂಡಿರುತ್ತಾರೆ. ಅದರಲ್ಲಿ ಅವರು ಒತ್ತುವುದು ಅಕ್ಕಿಯ ಹಿಟ್ಟನ್ನಲ್ಲ, ರೈಫಲಿನ ಕಾಡತೂಸನ್ನು. ಒಮ್ಮೆ ಹಾರಿಸಿದ ಕಾಡತೂಸಿನ ಖಾಲಿ ಕೊಳವೆಯನ್ನು ಮರಳಿ ತುಂಬಿ ಹೊಸದರಂತೆ ಮಾಡುವ ಈ ಗೃಹಕೃತ್ಯಕ್ಕೆ ಯಾವ ಯಂತ್ರವನ್ನು ಆರಿಸಬೇಕೆಂಬುದು ಆ ಹವ್ಯಾಸಿಗಳಲ್ಲಿ ಮುಗಿಯದ ಚರ್ಚೆ. ಚರ್ಚೆಯ ಹಿಂದೆ ಒಂದು ಗಂಭೀರ ವಿಷಯವೂ ಇದೆ. .308 ವಿಂಚೆಸ್ಟರ್ ಎಂಬ ಸಾಮಾನ್ಯ ಕಾಡತೂಸು ಸಿಡಿಯುವಾಗ ಕೋವಿಯ ಗೂಡಿನೊಳಗೆ ಏಳುವ ಒತ್ತಡದ ಮೇಲ್ಮಿತಿಯನ್ನು ಅಲ್ಲಿಯ ಉದ್ಯಮವು ಚದರಂಗುಲಕ್ಕೆ 62,000 ಪೌಂಡು ಎಂದು ಗೊತ್ತುಮಾಡಿದೆ. ಮೋಟಾರಿನ ಚಕ್ರದಲ್ಲಿರುವುದು ಸುಮಾರು 30 ಪೌಂಡು. ಆ ಗೂಡಿಗೂ ಗುರಿಕಾರನ ಕೆನ್ನೆಗೂ ನಡುವೆ ಗೇಣಿನ ಅಂತರವಷ್ಟೆ.

ಕಾಡತೂಸಿಗೆ ಅಂಗಗಳು ನಾಲ್ಕು: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿಯನ್ನೀಯುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಕುದುರೆಯು ಬಡಿದೊಡನೆ ಕೇಪು, ಮದ್ದು, ಗುಂಡುಗಳು ತಂತಮ್ಮ ದಾರಿಯನ್ನು ಹಿಡಿಯುತ್ತವೆ. ಉಳಿಯುವುದು ಕೊಳವೆ. ಬಹುಮಟ್ಟಿಗೆ ನಾಲ್ಕರಲ್ಲಿ ಬೆಲೆ ಹೆಚ್ಚಿನದೂ ಅದೇ. ಶಾಖಕ್ಕೂ ಒತ್ತಡಕ್ಕೂ ಉಬ್ಬಿ ಅದು ಕೋವಿಯ ಗೂಡಿನ ಆಕಾರವನ್ನೇ ತಾಳಿರುತ್ತದೆ. ಅದನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಿ ಮೊದಲಿನ ಅಳತೆಗೆ ತರಬೇಕು. ಹಳೆಯ ಕೇಪನ್ನು ತಳ್ಳಿ ಹೊಸದನ್ನು ಕೂಡಿಸಬೇಕು. ಮದ್ದನ್ನು ತೂಗಿ ಹಾಕಬೇಕು. ಕೊನೆಗೆ ಗುಂಡನ್ನು ಕೊರಳಿನಲ್ಲಿ ನೆಟ್ಟಗೆ ನಿಲ್ಲಿಸಿ ಒತ್ತಬೇಕು. ಅಚ್ಚಿಗೆ ಅವರು ಡೈ ಎನ್ನುತ್ತಾರೆ. ಅದನ್ನು ಯಂತ್ರದ ತಲೆಗೆ ತಿರುಪಿನಂತೆ ಬಿಗಿಯುವುದು. ಕೊಳವೆಯನ್ನು ಕೆಳಗಿನ ದಂಡದ ಮೇಲೆ ಕೂಡಿಸಿ, ಹಿಡಿಕೆಯನ್ನು ಎಳೆದು ಮೇಲಕ್ಕೆ ಏರಿಸುವುದು. ಡೈಯ ತಿರುಪಿನ ಅಳತೆಯು 7/8 ಅಂಗುಲ, ಅಂಗುಲಕ್ಕೆ 14 ಸುತ್ತು ಎಂದು ರೂಢಿಯಾಗಿರುವುದರಿಂದ ಬಹುತೇಕ ಒಬ್ಬರ ಡೈಯು ಇನ್ನೊಬ್ಬರ ಯಂತ್ರಕ್ಕೆ ಹೊಂದುತ್ತದೆ. ಗಿರಾಕಿಗೆ ಇದೊಂದು ದೊಡ್ಡ ಉಪಕಾರ.

ಈ ಕಸುಬಿನ ಇತಿಹಾಸವು ಸಣ್ಣ ಮನುಷ್ಯರ ಇತಿಹಾಸ. ಜಾನ್ ಬಾರ್ಲೋ ಎಂಬಾತನು 1884ರಲ್ಲಿ ಸ್ಥಾಪಿಸಿದ ‘ಐಡಿಯಲ್’ ಕಾರಖಾನೆಯ ಸಾಧನವು ಇಕ್ಕುಳದ ಆಕಾರದ್ದು. ಬೇಟೆಗಾರನು ಅದನ್ನು ಚೀಲದಲ್ಲಿಟ್ಟುಕೊಂಡು ಹೋಗಿ ಕಾಡಿನ ಬಿಡಾರದಲ್ಲಿಯೇ ಕಾಡತೂಸು ಕಟ್ಟಬಹುದಾಗಿತ್ತು. 1925ರಲ್ಲಿ ಆ ಕಾರಖಾನೆಯು ಲೈಮನ್ ಕಂಪನಿಗೆ ಸೇರಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗುಂಡುಗಳು ಪೇಟೆಯಿಂದ ಮಾಯವಾದಾಗ ಕ್ಯಾಲಿಫೋರ್ನಿಯದ ಓರೊವಿಲ್ ಊರಿನ ಫ್ರೆಡ್ ಹಂಟಿಂಗ್ಟನ್ ಎಂಬವನು ತಂದೆಯ ಬಟ್ಟೆ ಒಗೆಯುವ ಅಂಗಡಿಯ ಹಿಂಗೋಣೆಯಲ್ಲಿ ಗುಂಡು ರೂಪಿಸುವ ಅಚ್ಚನ್ನು ಮಾಡತೊಡಗಿದನು. ಬಂಡೆಗಳ ಸಂದಿಯಲ್ಲಿ ವಾಸಿಸುವ, ಅಲ್ಲಿಯವರು ‘ರಾಕ್‌ಚಕ್’ ಎನ್ನುವ ಪ್ರಾಣಿಯ ಬೇಟೆಗೆ ಬೇಕಾದ ಗುಂಡು ಅದು. ಆ ಅಚ್ಚಿನ ಹೆಸರಿನ ಆದ್ಯಕ್ಷರಗಳಿಂದಲೇ 1943ರಲ್ಲಿ ಆರ್.ಸಿ.ಬಿ.ಎಸ್. ಎಂಬ ಸಂಸ್ಥೆಯು ಹುಟ್ಟಿತು. ಅದರ ‘ರಾಕ್ ಚಕರ್’ ಯಂತ್ರದ ಹೆಸರನ್ನು ತಿಳಿಯದ ಹವ್ಯಾಸಿಯು ಆ ದೇಶದಲ್ಲಿ ವಿರಳ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. ಅಮೆರಿಕದಲ್ಲಿ ಸ್ವಂತ ಉಪಯೋಗಕ್ಕಾಗಿ ಕಾಡತೂಸು ಕಟ್ಟಿಕೊಳ್ಳುವವನಿಗೆ ಕೇಂದ್ರ ಸರಕಾರದ ಪರವಾನಗಿ ಬೇಕಿಲ್ಲ. ಮಾರುವವನಿಗೆ ಮಾತ್ರ ಬೇಕು. ನಮ್ಮಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮು ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದನ್ನು ನಿಷೇಧಿಸುತ್ತದೆ. ಅಷ್ಟೇ ಅಲ್ಲ, ಆ ಕಾಯಿದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರವೂ ಮದ್ದುಗುಂಡೇ ಆಗಿವೆ! ವಿದೇಶದಲ್ಲಿರುವ ಭಾವಮೈದುನನು ಪ್ರೀತಿಯಿಂದ ಇಂತಹದೊಂದನ್ನು ಪೆಟ್ಟಿಗೆಯಲ್ಲಿಟ್ಟು ತಂದರೆ ವಿಮಾನನಿಲ್ದಾಣದಲ್ಲಿ ವಿವರಣೆ ಕೊಡಬೇಕಾಗುವುದು ಎರಕದ ಕಬ್ಬಿಣದ ತುಂಡಿಗಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯು, 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿದದ್ದು, ಕೋವಿಯನ್ನು ಇಟ್ಟುಕೊಳ್ಳುವ ವಿಷಯದ್ದು. ಮನೆಯಲ್ಲಿ ಕಾರಖಾನೆ ಹೂಡುವ ವಿಷಯದ್ದಲ್ಲ.

ನಮ್ಮವರು ಪದಕ ಗೆದ್ದ ರೈಫಲ್ ಸ್ಪರ್ಧೆಗಳಿಗೂ ಈ ಯಂತ್ರದ ಅಗತ್ಯವಿಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಸ್ವರ್ಣ ಗೆದ್ದ ಅಭಿನವ ಬಿಂದ್ರಾ ಅವರದು ಗಾಳಿಯ ರೈಫಲು. 2024ರಲ್ಲಿ ಪ್ಯಾರಿಸಿನಲ್ಲಿ ಕಂಚು ಗೆದ್ದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ, ಮಧ್ಯ ರೈಲ್ವೆಯ ನೌಕರರು, ಹಾರಿಸಿದ್ದು .22 ಕಾಡತೂಸು. ಅದರ ಕಿಡಿಮದ್ದು ಕೊಳವೆಯ ಅಂಚಿನೊಳಗೇ ಇರುವುದರಿಂದ ಅದನ್ನು ಮರಳಿ ತುಂಬುವ ವಾಡಿಕೆಯಿಲ್ಲ. ಅಂತಹ ಗುರಿಕಾರರು ಕಾರಖಾನೆಯ ಬೇರೆ ಬೇರೆ ತಂಡದ ಸರಕನ್ನು ಹಾರಿಸಿ ನೋಡಿ, ತಮ್ಮ ನಳಿಗೆಗೆ ಒಪ್ಪಿದ ತಂಡವನ್ನೇ ಕೊಳ್ಳುತ್ತಾರೆ. ಅದು ಅಕ್ಕಿಯ ಮಂಡಿಯಲ್ಲಿ ಮೂಟೆಯನ್ನು ಚುಚ್ಚಿ ನೋಡಿ ಕೊಳ್ಳುವ ರೀತಿ. ದೊಡ್ಡ ರೈಫಲಿನವರಿಗೆ ಅಷ್ಟರಿಂದ ತೃಪ್ತಿಯಿಲ್ಲ. ಅಡಿಗೆಯೇ ತಮ್ಮ ಕೈಯದಾಗಬೇಕು.

ಏಕೆ ಈ ಹಟ? ಮೆಸಾಚುಸೆಟ್ಸ್ ಸಂಸ್ಥಾನದ ಫ್ರಾಂಕ್ಲಿನ್ ಮ್ಯಾನ್ ಎಂಬ ವೈದ್ಯನು ಹಿಂದೆ ಈ ಪ್ರಶ್ನೆಗಾಗಿ ಆಯುಷ್ಯವನ್ನೇ ಸವೆಸಿದನು. ಒಂದೇ ಕೋವಿ, ಒಂದೇ ಮದ್ದು, ಒಂದೇ ಗುರಿ. ಆದರೂ ಎಲ್ಲ ಗುಂಡುಗಳೂ ಒಂದೇ ತೂತಿನಲ್ಲಿ ಏಕೆ ಹೋಗುವುದಿಲ್ಲ? ಮನುಷ್ಯನ ಕೈನಡುಕವನ್ನು ಹೊರಗಿಡಲು ಕಾಂಕ್ರೀಟಿನ ಪೀಠವನ್ನು ಕಟ್ಟಿಸಿ ಅದರ ಮೇಲೆ ನಳಿಗೆಯನ್ನು ನಿಲ್ಲಿಸಿ ಪ್ರಯೋಗ ಮಾಡಿದನು. ಫಲವನ್ನು 1909ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಸಮತೋಲ ತಪ್ಪಿದ ಗುಂಡು, ನಳಿಗೆಯೊಳಕ್ಕೆ ಓರೆಯಾಗಿ ಹೊಕ್ಕ ಗುಂಡು, ದಾರಿಯುದ್ದಕ್ಕೂ ಆ ದೋಷವನ್ನು ಹೊತ್ತು ಹೋಗುತ್ತದೆಂಬುದು ಅವನ ಶೋಧನೆಗಳ ಸಾರ. ಲೆಕ್ಕದ ಪುಸ್ತಕದಲ್ಲಿ ಮೊದಲನೆಯ ಪುಟದ ತಪ್ಪು ಕೊನೆಯ ಬಾಕಿಯವರೆಗೂ ಹರಿಯುವುದನ್ನು ಕಂಡ ಗುಮಾಸ್ತರಿಗೆ ಇದು ಆಶ್ಚರ್ಯವೆನಿಸದು. ಆದುದರಿಂದ ಗುಂಡು ಕೊಳವೆಯಲ್ಲಿ ಎಷ್ಟು ನೆಟ್ಟಗೆ ಕುಳಿತಿದೆಯೆಂಬುದನ್ನು ಈಗಿನ ಹವ್ಯಾಸಿಗಳು ಮುಳ್ಳಿನ ಮಾಪಕದಿಂದ ಅಳೆಯುತ್ತಾರೆ. ಅಂಗುಲದ ಸಾವಿರದಲ್ಲಿ ಒಂದೆರಡು ಭಾಗದಷ್ಟು ಓರೆಯಿದ್ದರೆ ಉತ್ತಮವೆಂದು ಲೆಕ್ಕ. ತಲೆಯ ಕೂದಲಿನ ದಪ್ಪವು ಅಂತಹ ಸುಮಾರು ಮೂರು ಭಾಗ.

ಹಾಗಾದರೆ ಯಂತ್ರದ ಆಯ್ಕೆ ಹೇಗೆ? ಅಗ್ಗದ ಯಂತ್ರಗಳಲ್ಲಿ ಕೆಲವು ಇಂಗ್ಲಿಷಿನ ‘ಸಿ’ ಅಕ್ಷರದಂತೆ ಮುಂಗಡೆ ತೆರೆದಿರುತ್ತವೆ. ಕೈಹಾಕಲು ಅನುಕೂಲ, ಆದರೆ ಭಾರಿ ಕೊಳವೆಯನ್ನು ಒತ್ತುವಾಗ ಆ ಬಾಯಿ ಕಣ್ಣಿಗೆ ಕಾಣದಷ್ಟು ಅಗಲವಾಗುತ್ತದೆ. ‘ಓ’ ಆಕಾರದ ಮುಚ್ಚಿದ ಚೌಕಟ್ಟು ಬಾಗುವುದು ಕಡಿಮೆ. ಇದರಿಂದ ಏನು ಪ್ರಯೋಜನವೆಂದರೆ, ಕೊಳವೆಗೆ ಸೀಸೆಯಂತೆ ಭುಜವಿದೆ. ಆ ಭುಜವನ್ನು ಒತ್ತಿ ಹಿಂದಕ್ಕೆ ಸರಿಸಬೇಕಾದದ್ದು ಅಂಗುಲದ ಸಾವಿರದಲ್ಲಿ ಒಂದೆರಡು ಭಾಗವಷ್ಟೆ. ಚೌಕಟ್ಟು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬಾಗಿದರೆ ಪ್ರತಿಯೊಂದು ಕೊಳವೆಯ ಅಳತೆಯೂ ಬೇರೆಯಾಗುತ್ತದೆ. ಅತಿಯಾಗಿ ಒತ್ತಿದ ಕೊಳವೆಯು ಗೂಡಿನಲ್ಲಿ ಸಡಿಲವಾಗಿ ಕುಳಿತು, ಹಾರಿಸಿದಾಗಲೆಲ್ಲ ಉದ್ದಕ್ಕೆ ಜಗ್ಗಿ, ಕೆಲವು ಸುತ್ತುಗಳಲ್ಲಿ ಬುಡದ ಬಳಿ ಬಿರುಕು ಬಿಡುತ್ತದೆ. ಆಗ ಬಿಸಿ ಅನಿಲವು ಹಿಂದಕ್ಕೆ ನುಗ್ಗುವ ಭಯವುಂಟು. ಆದಕಾರಣ ಬಲವಾದ ಚೌಕಟ್ಟು ಬರಿಯ ಗುರಿಯ ಮಾತಲ್ಲ.

ಇಷ್ಟಕ್ಕೆ ಎಲ್ಲರೂ ಒಪ್ಪುತ್ತಾರೆ. ಇಲ್ಲಿಂದ ಮುಂದೆ ಎರಡು ಪಂಥಗಳು. ಒಂದು ಪಂಥದವರು, ದಂಡದ ರಂಧ್ರವೂ ಡೈಯ ತಿರುಪೂ ಒಂದೇ ರೇಖೆಯಲ್ಲಿರಬೇಕು, ಯಾವುದೂ ಕೂದಲೆಳೆಯಷ್ಟೂ ಅಲುಗಬಾರದು ಎನ್ನುತ್ತಾರೆ. ಇನ್ನೊಂದು ಪಂಥದ ವಾದವು ಕೇಳಲು ವಿಚಿತ್ರವಾಗಿದ್ದರೂ ಅದರಲ್ಲಿ ಯುಕ್ತಿಯಿದೆ. ಇಲಿನಾಯ್ ಸಂಸ್ಥಾನದ ಫಾರ್‌ಸ್ಟರ್ ಸಂಸ್ಥೆಯ ‘ಕೋ-ಆಕ್ಸ್’ ಯಂತ್ರದಲ್ಲಿ ಡೈಯನ್ನು ತಿರುಪಿ ಬಿಗಿಯುವುದೇ ಇಲ್ಲ; ಅದರ ಬಳೆಯನ್ನು ಒಂದು ಸೀಳಿನಲ್ಲಿ ಜಾರಿಸಿ ಇಡುವುದು. ಕೊಳವೆಯ ಬುಡವನ್ನು ಹಿಡಿಯುವ ದವಡೆಗಳಿಗೂ ಸ್ವಲ್ಪ ಸಡಿಲವಿದೆ. ಎರಡು ಕಂಬಗಳ ನಡುವೆ ನೆಟ್ಟಗೆ ಏರುವ ಪೀಠದ ಮೇಲೆ ಕೊಳವೆಯು ತನ್ನ ನಡುವನ್ನು ತಾನೇ ಹುಡುಕಿಕೊಂಡು ಡೈಯನ್ನು ಹೊಗುತ್ತದೆ. ಬಳೆಗಾರನು “ಕೈಯನ್ನು ಸಡಿಲ ಬಿಡು ತಾಯಿ” ಎಂದು ಹೇಳುವುದು ಇದೇ ಕಾರಣಕ್ಕೆ. ಬಿಗಿಹಿಡಿದ ಕೈಗೆ ಬಳೆ ಏರದು. ಇಬ್ಬರ ಮಾತನ್ನೂ ತೂಗಿ ನೋಡಿದರೆ ನನಗೆ ತೋರುವುದಿಷ್ಟು: ಬಲವು ಚೌಕಟ್ಟಿನಲ್ಲಿರಬೇಕು, ಸಡಿಲವು ಕೊಳವೆಯ ಹಿಡಿತದಲ್ಲಿರಬೇಕು. ಎರಡನ್ನೂ ಎಲ್ಲೆಡೆಯೂ ಬಿಗಿದಿಟ್ಟ ಯಂತ್ರದಲ್ಲಿ ಅಚ್ಚಿನ ತಿರುಪು ತುಸು ಓರೆಯಾಗಿ ಕೊರೆದಿದ್ದರೆ ಆ ಓರೆಯು ಪ್ರತಿಯೊಂದು ಕಾಡತೂಸಿಗೂ ಪ್ರಾಪ್ತಿ.

ನಾಲ್ಕಾರು ಡೈಗಳನ್ನು ಸುತ್ತುವ ತಲೆಯಲ್ಲಿ ಒಟ್ಟಿಗೆ ಇರಿಸುವ ಯಂತ್ರಗಳೂ ಉಂಟು. ಡೈ ಬದಲಿಸುವ ಕಾಟ ತಪ್ಪುತ್ತದೆ. ಹಿಡಿಕೆಯ ಒಂದೊಂದು ಎಳೆತಕ್ಕೂ ಒಂದೊಂದು ಕಾಡತೂಸನ್ನು ಉದುರಿಸುವ ಯಂತ್ರಗಳಿಗೆ ಅರಿಜೋನದ ಡಿಲನ್ ಸಂಸ್ಥೆಯು ಹೆಸರುವಾಸಿ. ಪಿಸ್ತೂಲಿನ ಸ್ಪರ್ಧಿಗಳು ವಾರಕ್ಕೆ ನೂರಾರು ಹಾರಿಸುವವರು. ಅವರಿಗೆ ಅದು ತಕ್ಕದ್ದು. ದೂರದ ಗುರಿಯ ರೈಫಲಿನವರಲ್ಲಿಯೂ ಕೆಲವರು ಅದನ್ನು ಜಾಣತನದಿಂದ ಬಳಸುತ್ತಾರೆ, ಆದರೆ ಮದ್ದನ್ನು ಬೇರೆಯಾಗಿ ತೂಗಿಕೊಂಡು. ಹೊಸಬನಿಗೆ ಅದನ್ನು ಯಾರೂ ಸೂಚಿಸಬಾರದು. ನಾಲ್ಕು ಕೆಲಸಗಳು ಒಟ್ಟಿಗೆ ನಡೆಯುವಾಗ ಒಂದು ಕೊಳವೆಗೆ ಮದ್ದು ಬೀಳದೆ ಹೋಯಿತೆನ್ನಿ. ಕೇಪಿನ ಬಲದಿಂದಲೇ ಗುಂಡು ನಳಿಗೆಯ ನಡುವಿನವರೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ತಿಳಿಯದೆ ಮುಂದಿನದನ್ನು ಹಾರಿಸಿದರೆ ನಳಿಗೆ ಸೀಳುತ್ತದೆ. ಒಂದೊಂದೇ ಕೆಲಸ ಮಾಡುವ ಸರಳ ಯಂತ್ರದವನು ಐವತ್ತು ಕೊಳವೆಗಳನ್ನು ಹಲಗೆಯ ಕುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ದೀಪ ಹಿಡಿದು ಎಲ್ಲದರೊಳಗೂ ಮದ್ದಿನ ಮಟ್ಟವನ್ನು ನೋಡಿ, ಅನಂತರವೇ ಗುಂಡು ಕೂಡಿಸುತ್ತಾನೆ. ನಿಧಾನವೇ ಅವನ ರಕ್ಷೆ. ಲೋಟಗಳನ್ನು ಸಾಲಿಟ್ಟು ಡಿಕಾಕ್ಷನ್ ಹಾಕಿ, ಹಾಲು ಹೊಯ್ಯುವ ಮೊದಲು ಒಮ್ಮೆ ಕಣ್ಣಾಡಿಸುವ ನಮ್ಮ ಕಾಫಿಯವರಿಗೆ ಈ ಕ್ರಮವು ಹೊಸದಲ್ಲ.

ಅತಿಸೂಕ್ಷ್ಮದ ಸ್ಪರ್ಧೆಯವರು, ನೂರು ಗಜದಲ್ಲಿ ಐದು ಗುಂಡುಗಳನ್ನು ಒಂದೇ ತೂತಿನಂತೆ ಹಾರಿಸಲು ಹೆಣಗುವವರು, ಇದಕ್ಕಿಂತಲೂ ಸಣ್ಣ ಯಂತ್ರಕ್ಕೆ ಮರಳಿದ್ದಾರೆಂಬುದು ಸ್ವಾರಸ್ಯ. ವಾಷಿಂಗ್ಟನ್ ಸಂಸ್ಥಾನದ ವಿಲ್ಸನ್ ಸಂಸ್ಥೆಯ ಕೈಡೈಗಳಲ್ಲಿ ಕೊಳವೆಯೂ ಗುಂಡೂ ಒಂದೇ ಉಕ್ಕಿನ ತೂಬಿನೊಳಗೆ ನೆಟ್ಟಗೆ ಕುಳಿತಿರುತ್ತವೆ. ಮೇಲಿಂದ ತಳ್ಳಲು ಗೇಣುದ್ದದ ಒಂದು ಪುಟ್ಟ ಒತ್ತುಯಂತ್ರ ಸಾಕು. ಗುಂಡು ಕೊರಳಿಗೆ ಇಳಿಯುವಾಗಿನ ಬಿಗುವು ಬೆರಳಿಗೇ ತಿಳಿಯುತ್ತದೆ. ಬಿಗುವು ಬೇರೆಯಾಗಿ ತೋರಿದ ಕಾಡತೂಸನ್ನು ಅವರು ಬದಿಗಿರಿಸಿ ಅಭ್ಯಾಸಕ್ಕೆ ಬಳಸುತ್ತಾರೆ.

ಕೊಳ್ಳುವವರು ಮಾಡುವ ಮುಖ್ಯ ತಪ್ಪು ಬೇರೊಂದಿದೆ. ಕಾಡತೂಸು ಡೊಂಕಾಗಿ ಬಂತೆಂದು ಯಂತ್ರವನ್ನು ಮಾರಿ ಹೆಚ್ಚು ಬೆಲೆಯದನ್ನು ತರುತ್ತಾರೆ; ಅದರಲ್ಲಿಯೂ ಡೊಂಕೇ. ಕುಣಿಯಲಾರದವಳು ನೆಲ ಡೊಂಕೆಂದಳಂತೆ! ಸಾಮಾನ್ಯ ಡೈಯೊಳಗೆ ಕೊರಳನ್ನು ಒಳಗಿನಿಂದ ಅಗಲಿಸುವ ಒಂದು ಉಕ್ಕಿನ ಗುಂಡಿಯಿರುತ್ತದೆ. ಕೊಳವೆಯನ್ನು ಹೊರಗೆಳೆಯುವಾಗ ಆ ಗುಂಡಿಯು ಒಣಗಿದ ಕೊರಳನ್ನು ಜಗ್ಗಿ ಓರೆಮಾಡುವುದುಂಟು. ಆದುದರಿಂದ ಅಳೆಯುವ ಕ್ರಮ ಹೀಗಿರಬೇಕು: ಹಾರಿಸಿದ ಕೊಳವೆಯನ್ನು ಒತ್ತುವ ಮೊದಲು ಒಮ್ಮೆ, ಒತ್ತಿದ ಮೇಲೆ ಒಮ್ಮೆ, ಗುಂಡಿಯನ್ನು ಬಿಚ್ಚಿಟ್ಟು ಇನ್ನೊಂದನ್ನು ಒತ್ತಿ ಮತ್ತೊಮ್ಮೆ, ಗುಂಡು ಕೂಡಿಸಿದ ಮೇಲೆ ಕೊನೆಗೊಮ್ಮೆ. ಓರೆಯು ಯಾವ ಹಂತದಲ್ಲಿ ಹುಟ್ಟಿತೆಂಬುದು ಅಲ್ಲಿಯೇ ಗೊತ್ತಾಗುತ್ತದೆ. ಅನೇಕ ವೇಳೆ ಕೊರಳಿನೊಳಗೆ ತುಸು ಜಿಡ್ಡು ಸವರಿದರೆ ತೀರುವ ರೋಗಕ್ಕೆ ಹೊಸ ಯಂತ್ರದ ಔಷಧ ನಡೆದಿರುತ್ತದೆ.

ಮೇಜಿನ ವಿಷಯವನ್ನೂ ಮರೆಯುವುದುಂಟು. ಹಿಡಿಕೆಯನ್ನು ಎಳೆದಾಗ ಹಲಗೆಯೇ ಬಾಗಿದರೆ ಬಲವಾದ ಚೌಕಟ್ಟಿನಿಂದ ಏನು ಫಲ? ದಪ್ಪ ಹಲಗೆಯನ್ನು ಗೋಡೆಗೆ ಕಚ್ಚಿಸಿ, ಯಂತ್ರವನ್ನು ಹಲಗೆಯ ತಳದವರೆಗೆ ಹಾಯುವ ಬೋಲ್ಟುಗಳಿಂದ ಬಿಗಿಯುವುದು ಲೇಸು. ಇನ್ನು ಬೆಲೆ. ಎರಕದ ಕಬ್ಬಿಣದ ಹಳೆಯ ಯಂತ್ರಗಳು ದಶಕಗಳ ಮೇಲೂ ಕೆಲಸ ಕೊಡುತ್ತವೆ. ಆದುದರಿಂದ ಅಲ್ಲಿಯ ಅನುಭವಿಗಳು ಯಂತ್ರವನ್ನು ಹಳೆಯದಾಗಿ ಕೊಂಡು, ಉಳಿದ ಹಣವನ್ನು ಒಳ್ಳೆಯ ತಕ್ಕಡಿಗೂ ಡೈಗೂ ಇಡುತ್ತಾರೆ. ಹಳೆಯದನ್ನು ಕೊಳ್ಳುವಾಗ ದಂಡವನ್ನು ಪೂರ್ತಿ ಮೇಲೇರಿಸಿ, ಪಕ್ಕಕ್ಕೆ ಅಲುಗಿಸಿ ನೋಡುತ್ತಾರೆ. ಅನಂತರ ಅದನ್ನು ಒರಸಿ, ಉದ್ದುದ್ದಕ್ಕೆ ಗೀರುಗಳಿವೆಯೇ ಎಂದು ಬೆಳಕಿಗೆ ಹಿಡಿಯುತ್ತಾರೆ. ಹಳೆಯ ಕೇಪಿನಿಂದ ಉದುರುವ ಮಸಿಯು ಗಾಜಿನ ಪುಡಿಯಂತೆ ಉಕ್ಕನ್ನು ತಿನ್ನುತ್ತದೆ. ಗೀರು ಬಿದ್ದ ದಂಡವೆಂದರೆ, ಹಿಂದಿನ ಯಜಮಾನನು ಎಣ್ಣೆಬಟ್ಟೆಯನ್ನು ಕೈಯಲ್ಲಿ ಹಿಡಿಯಲಿಲ್ಲವೆಂದು ಅರ್ಥ.