ಗಿಡ್ಡ ಹಸುವಿಗೆ ತಕ್ಕ ಕೊಟ್ಟಿಗೆ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬರೆಯಬೇಕೆಂದು ಕುಳಿತಾಗ ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರಗಳ ಅನೇಕ ವಿಷಯಗಳು ಕಣ್ಣ ಮುಂದೆ ಸುಳಿದುಹೋದವು. ಅವನ್ನು ನನಗಿಂತ ಚೆನ್ನಾಗಿ ಬಲ್ಲ ಮಿತ್ರರು ತರಗತಿಯಲ್ಲಿ ಬಹಳ ಮಂದಿ ಇದ್ದಾರೆ. ನಾನು ಸ್ವಲ್ಪಮಟ್ಟಿಗೆ ಬಲ್ಲದ್ದು, ಅದೂ ತಪ್ಪು ಮಾಡಿ ಕಲಿತದ್ದು, ದನದ ಕೊಟ್ಟಿಗೆಯ ವಿಷಯ. ಬಿ.ಎ. ಓದುವವನಿಗೆ ಸಗಣಿ ಗಂಜಲದ ಮಾತೇಕೆ ಎಂದು ಯಾರಾದರೂ ನಕ್ಕರೆ ನಗಲಿ. ಬೆಳಿಗ್ಗೆ ನಾವು ಕುಡಿಯುವ ಕಾಫಿಯ ಹಾಲು ಯಾವುದೋ ಒಂದು ಕೊಟ್ಟಿಗೆಯಿಂದಲೇ ಬರಬೇಕಷ್ಟೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಮನೆಯ ಹಿಂದೆ ಸ್ವಲ್ಪ ಅಡಿಕೆ ತೋಟ, ಮುಂದೆ ಗದ್ದೆ, ಪಕ್ಕದಲ್ಲಿ ಕೊಟ್ಟಿಗೆ. ಕೊಟ್ಟಿಗೆಯಲ್ಲಿರುವುದು ಮಲೆನಾಡು ಗಿಡ್ಡ ಜಾತಿಯ ದನಗಳು. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಮತ್ತು ಕರಾವಳಿಯ ಜಿಲ್ಲೆಗಳಲ್ಲಿ ಇವು ಹೆಚ್ಚು. ಕರ್ನಾಲಿನಲ್ಲಿರುವ ರಾಷ್ಟ್ರೀಯ ಪ್ರಾಣಿ ಅನುವಂಶಿಕ ಸಂಪನ್ಮೂಲ ಸಂಸ್ಥೆಯು ಇದನ್ನು ಒಂದು ಪ್ರತ್ಯೇಕ ತಳಿಯೆಂದು ಮಾನ್ಯ ಮಾಡಿದೆ. ಬೆಳೆದ ಹಸುವಿನ ಹೆಗಲಿನ ಎತ್ತರ ಸುಮಾರು ೩ ಅಡಿ. ತೂಕ ೧೦೦ ಕಿಲೋ ಆಸುಪಾಸು. ಹಾಲು ದಿನಕ್ಕೆ ಒಂದೆರಡು ಲೀಟರು ಮಾತ್ರ. ಆದರೆ ಸುರಿಯುವ ಮಳೆಯಲ್ಲಿ ಗುಡ್ಡ ಹತ್ತಿ ಮೇಯ್ದು, ಸಂಜೆ ತಾನಾಗಿ ಮನೆಗೆ ಬಂದು ನಿಲ್ಲುವ ಶಕ್ತಿ ಇದಕ್ಕಿದೆ. ಪೇಟೆಯ ಸುತ್ತಿನ ಡೈರಿಗಳಲ್ಲಿ ಕಾಣುವ ಹೋಲ್‌ಸ್ಟೀನ್ ಹಸುವಾದರೋ ನಾಲ್ಕೂವರೆ ಅಡಿಗೂ ಮೇಲೆ ಎತ್ತರ, ಐದಾರು ನೂರು ಕಿಲೋ ತೂಕ. ಇವೆರಡನ್ನೂ ಕನ್ನಡದಲ್ಲಿ ಹಸುವೆಂದೇ ಕರೆಯುತ್ತೇವೆ. ನಾನು ಮಾಡಿದ ತಪ್ಪಿನ ಮೂಲ ಆ ಒಂದೇ ಹೆಸರಿನಲ್ಲಿ ಅಡಗಿತ್ತು.

೨೦೨೨ರ ಬೇಸಗೆಯಲ್ಲಿ ನಮ್ಮ ಹಳೆಯ ಕೊಟ್ಟಿಗೆಯ ಮುಂಡಿಗೆಗಳು ಗೆದ್ದಲು ತಿಂದು ಬಾಗಿದವು. ಹೊಸದು ಕಟ್ಟಲು ಒಂದು ಕಚೇರಿಯಿಂದ ಸಹಾಯಧನ ದೊರೆಯಿತು. ಅದರೊಡನೆ ಒಂದು ನಕ್ಷೆಯೂ ಬಂದಿತು. ಮನೆಯಲ್ಲಿ ನಕ್ಷೆ ಓದಬಲ್ಲವನು ನಾನೊಬ್ಬನೇ. ಆಗ ನಾನು ಎರಡನೆಯ ಪಿ.ಯು.ಸಿ. ವಿದ್ಯಾರ್ಥಿ. ಟೇಪು ಹಿಡಿದು ಗಾರೆಯವರಿಗೆ ಅಂಗುಲ ತಪ್ಪದಂತೆ ಅಳತೆ ಹೇಳಿದೆ. ಅಪ್ಪಯ್ಯ ಒಂದೆರಡು ಬಾರಿ, "ಅಲ್ಲ ಮಾರಾಯ, ಇದು ದೊಡ್ಡ ದನದ ಲೆಕ್ಕ ಆಯ್ತಲ್ಲ, ನಮ್ಮದು ಗಿಡ್ಡ ಅಲ್ದಾ?" ಎಂದರು. ಬರೆದದ್ದು ತಪ್ಪಿರಲಾರದು ಎಂದು ನಾನು ಸಾಧಿಸಿದೆ. ಅಪ್ಪಯ್ಯ ಸುಮ್ಮನಾದರು. ಓದಿದ ಮಗನ ಮಾತಿಗೆ ಎದುರಾಡಬಾರದೆಂದು ಸುಮ್ಮನಾದರೆಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ಹೊಸ ಕೊಟ್ಟಿಗೆ ನೋಡಲು ಚೆಂದವಾಗಿತ್ತು. ದನ ನಿಲ್ಲುವ ಜಾಗ ಐದೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲ. ಮುಂದೆ ಎರಡು ಅಡಿ ಎತ್ತರದ ಗೋದಲಿ. ಸುತ್ತ ನಾಲ್ಕು ಅಡಿಯ ಗೋಡೆ, ಅದರ ಮೇಲೆ ಗಾಳಿಗೆ ತೆರವು. ನೆಲಕ್ಕೆ ನುಣ್ಣಗೆ ಉಜ್ಜಿದ ಸಿಮೆಂಟು. ಆಷಾಢದ ಮಳೆ ಹಿಡಿದ ಮೇಲೆ ಒಂದೊಂದೇ ದೋಷ ಹೊರಬಿದ್ದಿತು. ಒಂದು ಬೆಳಗಿನ ಜಾವ, ಎಂಟು ತಿಂಗಳ ಗಬ್ಬದ ಗಂಗೆ ಏಳಲು ಹೋಗಿ ಸಗಣಿಯ ಮೇಲೆ ಜಾರಿತು. ಹಿಂಗಾಲು ಎರಡೂ ಎರಡು ಕಡೆಗೆ ಹೋದವು. ಪಶುವೈದ್ಯರು ಮಳೆಯಲ್ಲಿಯೇ ಬಂದು ಮಾಡಬೇಕಾದುದನ್ನೆಲ್ಲ ಮಾಡಿದರು. ಹನ್ನೊಂದು ದಿನ ಅಮ್ಮ ಅದರ ಮೈಯನ್ನು ಮಗ್ಗುಲಿಂದ ಮಗ್ಗುಲಿಗೆ ಹೊರಳಿಸಿದರು. ಹನ್ನೆರಡನೆಯ ದಿನ ಹಸುವೂ ಉಳಿಯಲಿಲ್ಲ, ಹೊಟ್ಟೆಯಲ್ಲಿದ್ದ ಕರುವೂ ಉಳಿಯಲಿಲ್ಲ. ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಾಗುತ್ತಿತ್ತು.

ನಕ್ಷೆ ಸುಳ್ಳಾಗಿರಲಿಲ್ಲ. ಅದು ದೊಡ್ಡ ಮಿಶ್ರತಳಿಯ ಹಸುವಿಗಾಗಿ ಬರೆದದ್ದು. ಅಲ್ಲಿ ಅದು ಸರಿಯೇ. ಮುಂದೆ ಕಾಲೇಜಿಗೆ ಬಂದ ಮೇಲೆ ಅಮೆರಿಕದ ಕಿರುಗುದುರೆಗಳ ವಿಷಯ ಓದಿದಾಗ ಈ ಮಾತು ಇನ್ನಷ್ಟು ಸ್ಪಷ್ಟವಾಯಿತು. ೧೯೭೮ರಲ್ಲಿ ಸ್ಥಾಪನೆಯಾದ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ನಿನ ನಿಯಮದಂತೆ ಕಿರುಗುದುರೆಯು ೩೪ ಅಂಗುಲಕ್ಕಿಂತ ಎತ್ತರವಿರಕೂಡದು. ಎಂದರೆ ಹೆಚ್ಚು ಕಡಮೆ ನಮ್ಮ ಗಿಡ್ಡ ಹಸುವಿನಷ್ಟು. ದೊಡ್ಡ ಕುದುರೆಗೆ ಲಾಯದಲ್ಲಿ ೧೨ ಅಡಿ ಚೌಕದ ಕೋಣೆ ಬೇಕಾದರೆ ಇದಕ್ಕೆ ೮ ಅಡಿಯ ಚೌಕ ಸಾಕಾಗುತ್ತದೆ. ಆದರೆ ಎಲ್ಲವನ್ನೂ ಒಂದೇ ಸಮನೆ ಕುಗ್ಗಿಸಿದರೆ ಲಾಯವಾಗುವುದಿಲ್ಲ. ಬಾಗಿಲಿನ ಹಲಗೆ ತಗ್ಗಿರಬೇಕು, ಇಲ್ಲವಾದರೆ ಪ್ರಾಣಿಗೆ ಹೊರಗಿನದೇನೂ ಕಾಣದು. ನೀರಿನ ಬಕೀಟು, ಮೇವಿನ ತೊಟ್ಟಿ ಕೆಳಗಿರಬೇಕು. ಚಾವಣಿ ಮಾತ್ರ ಮೇಲೆಯೇ ಇರಬೇಕು, ಏಕೆಂದರೆ ಗಾಳಿ ಆಡಬೇಕು, ಒಳಗೆ ಬಂದು ಗುಡಿಸುವ ಮನುಷ್ಯನ ತಲೆಗೆ ತಾಗಬಾರದು. ಯಾವುದು ಪ್ರಾಣಿಯ ಅಳತೆ, ಯಾವುದು ಮನುಷ್ಯನ ಅಳತೆ, ಯಾವುದು ಗಾಳಿ ಮಳೆಯ ಅಳತೆ ಎಂದು ಬೇರ್ಪಡಿಸಿಕೊಳ್ಳುವುದೇ ಈ ಕೆಲಸದ ಮುಖ್ಯ ತತ್ತ್ವ.

೨೦೨೩ರ ಬೇಸಗೆಯಲ್ಲಿ ಕೊಟ್ಟಿಗೆಯನ್ನು ತಿದ್ದಲು ಹೊರಟಾಗ ನಮಗೆ ಈ ತತ್ತ್ವ ಗೊತ್ತಿರಲಿಲ್ಲ. ಅಪ್ಪಯ್ಯನಿಗೆ ದನ ಗೊತ್ತಿತ್ತು, ಅಷ್ಟೆ. ಈ ಸಲ ಟೇಪನ್ನು ಮೊದಲು ಗೋಡೆಗೆ ಹಿಡಿಯಲಿಲ್ಲ, ದನಗಳಿಗೆ ಹಿಡಿದೆವು. ಅಪ್ಪಯ್ಯ ಕೊರಳು ತುರಿಸುತ್ತ ನಿಲ್ಲಿಸಿಕೊಂಡರು, ನಾನು ಅಳೆದು ಬರೆದುಕೊಂಡೆ. ಹೆಗಲ ಮುಂತುದಿಯಿಂದ ಬಾಲದ ಬುಡದವರೆಗೆ ಮೂರು ಅಡಿಯಿಂದ ಮೂರಡಿ ಎರಡು ಅಂಗುಲ.

ಈ ಅಳತೆಯಿಂದ ನಿಲ್ಲುವ ಜಾಗ ನಿರ್ಣಯವಾಗುತ್ತದೆ. ಹಸುವು ನಿಂತಾಗ ಅದರ ಹಿಂಗಾಲು ಗಂಜಲದ ಕಾಲುವೆಯ ಅಂಚಿಗೆ ಬರಬೇಕು. ಆಗ ಸಗಣಿ ಕಾಲುವೆಗೆ ಬೀಳುತ್ತದೆ. ಜಾಗ ಉದ್ದವಾದರೆ ಸಗಣಿ ನೆಲದ ಮೇಲೆಯೇ ಬಿದ್ದು, ಹಸು ಅದರಲ್ಲಿಯೇ ಮಲಗುತ್ತದೆ. ಕೆಚ್ಚಲು ಕೊಳೆಯಾಗುತ್ತದೆ, ಕಾಲು ಜಾರುತ್ತದೆ. ಗಂಗೆಗೆ ಆದದ್ದು ಇದೇ. ಅಗಲ ಹೆಚ್ಚಾದರೆ ಅಡ್ಡ ತಿರುಗಿ ನಿಂತು ನೆರೆಯ ದನದ ಜಾಗವನ್ನೂ ಕೆಡಿಸುತ್ತದೆ. ನಾವು ಉದ್ದವನ್ನು ೪ ಅಡಿಗೆ, ಅಗಲವನ್ನು ಎರಡೂಮುಕ್ಕಾಲು ಅಡಿಗೆ ಇಳಿಸಿದೆವು. ಉಳಿದ ಜಾಗ ಕರುಗಳ ಪಾಲಿಗೆ ಬಂದಿತು.

ನೆಲದ ಸಿಮೆಂಟನ್ನು ಒಡೆದು ತೆಗೆದೆವು. ಜಂಬಿಟ್ಟಿಗೆಯ ಚೂರು ಬಡಿದು ಕೂರಿಸಿ, ಮೇಲೆ ಹಾಕಿದ ಗಾರೆ ಹಸಿಯಾಗಿರುವಾಗಲೇ ಬಿದಿರಿನ ದಬ್ಬೆಯಿಂದ ಅರ್ಧ ಅಂಗುಲದ ಗೆರೆಗಳನ್ನು ಎಳೆದೆವು. ಗೊರಸಿಗೆ ಹಿಡಿತ ಸಿಗುವುದು ಈ ಗೆರೆಗಳಿಂದ. ನಾಲ್ಕಡಿಗೆ ಒಂದು ಅಂಗುಲ ಇಳಿಜಾರು ಕೊಟ್ಟೆವು. ಅದಕ್ಕಿಂತ ಕಡಮೆಯಾದರೆ ಗಂಜಲ ನಿಲ್ಲುತ್ತದೆ. ಬಹಳ ಹೆಚ್ಚಾದರೆ ಗಬ್ಬದ ಹಸುವಿಗೆ ಸದಾ ಹಿಂಭಾರ ಬಿದ್ದು ತೊಂದರೆಯಾಗುತ್ತದೆ.

ಇನ್ನು ಗೋದಲಿ. ಗುಡ್ಡದಲ್ಲಿ ದನವು ತಲೆ ಬಗ್ಗಿಸಿ ಮೇಯುತ್ತದೆ; ಕೊಟ್ಟಿಗೆಯಲ್ಲಿಯೂ ಹಾಗೆಯೇ ಮೇಯಬೇಕೆಂಬುದು ಅದರ ಕತ್ತಿನ ಧರ್ಮ. ಎರಡು ಅಡಿಯ ಗೋದಲಿ ಗಿಡ್ಡ ಹಸುವಿನ ಎದೆಗಿಂತ ಮೇಲೆ ಬರುತ್ತಿತ್ತು. ದನಗಳು ಹುಲ್ಲನ್ನು ಹೊರಗೆಳೆದು ಕಾಲಡಿಗೆ ಹಾಕಿ ತಿನ್ನುತ್ತಿದ್ದವು. ಅರ್ಧ ಹುಲ್ಲು ಗೊಬ್ಬರವಾಗುತ್ತಿತ್ತು. ಈಗ ಗೋದಲಿಯ ತಳ ಗೊರಸಿನ ಮಟ್ಟಕ್ಕಿಂತ ಮೂರು ಅಂಗುಲ ಮೇಲಿದೆ. ಹಸುವಿನ ಕಡೆಯ ಅಂಚು ೧೦ ಅಂಗುಲ. ಅಕ್ಕಚ್ಚಿನ ಬಾನಿಯನ್ನೂ ನೆಲದಲ್ಲಿ ಅರ್ಧ ಹೂಳಿದ್ದೇವೆ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಗಾಳಿಯ ವಿಷಯ. ಗಂಜಲವು ಕೊಳೆತಾಗ ಅಮೋನಿಯವೆಂಬ ಅನಿಲ ಹುಟ್ಟುತ್ತದೆ. ಅದು ಹುಟ್ಟುವುದು ನೆಲದಲ್ಲಿಯಾದ್ದರಿಂದ ನೆಲದ ಹತ್ತಿರವೇ ಅದರ ಘಾಟು ಹೆಚ್ಚು. ನಾಲ್ಕು ಅಡಿ ಗೋಡೆಯ ಮೇಲಿನ ತೆರವು ದೊಡ್ಡ ಹಸುವಿನ ಮೂಗಿಗೆ ಸರಿಯಾಗಿ ಗಾಳಿ ತರುತ್ತದೆ. ಗಿಡ್ಡ ಹಸುವಾದರೋ ಇಡಿಯಾಗಿ ಗೋಡೆಯ ಮರೆಯಲ್ಲಿಯೇ ನಿಂತಿರುತ್ತದೆ. ನಾವು ಬಾಗಿಲಲ್ಲಿ ನಿಂತು, ಘಾಟಿಲ್ಲವೆಂದು ಹೇಳಿದರೆ ಪ್ರಯೋಜನವಿಲ್ಲ. ಕರುವಿನ ಮಗ್ಗುಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಎರಡು ನಿಮಿಷ ಉಸಿರಾಡಿ ನೋಡಬೇಕು. ಕಣ್ಣು ಉರಿದರೆ ಕೊಟ್ಟಿಗೆ ಕೆಟ್ಟದ್ದೆಂದೇ ಅರ್ಥ. ಮಳೆ ಬಡಿಯುವ ಪಡುವಣ ದಿಕ್ಕಿನ ಗೋಡೆಯನ್ನು ಹಾಗೆಯೇ ಬಿಟ್ಟು, ಮೂಡಣ ಗೋಡೆಯ ಕೆಳಭಾಗವನ್ನು ಒಡೆದು ಅಡಿಕೆ ದಬ್ಬೆಯ ತಡಿಕೆ ಹಾಕಿದೆವು. ತಗ್ಗಿನಿಂದ ಒಳಬಂದ ಗಾಳಿ ಹೆಂಚಿನ ಸಂದಿನಿಂದ ಮೇಲಕ್ಕೆ ಹೋಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಸೀಮೆ ನಮ್ಮದು. ಆದುದರಿಂದ ಮಾಡಿನ ಅಂಚನ್ನು ಗೋಡೆಯಿಂದ ಮೂರು ಅಡಿ ಹೊರಕ್ಕೆ ಚಾಚಿದ್ದೇವೆ.

ಹಳೆಯದೆಲ್ಲವೂ ಒಳ್ಳೆಯದೆಂದು ಹೇಳುವುದು ನನ್ನ ಉದ್ದೇಶವಲ್ಲ. ಅಜ್ಜನ ಕಾಲದ ಕೊಟ್ಟಿಗೆ ಕತ್ತಲೆಯ ಗೂಡಾಗಿತ್ತು. ಕಾಲಡಿಗೆ ದಿನವೂ ಸೊಪ್ಪು ದರಕು ಹಾಸುವ ನಮ್ಮ ಪದ್ಧತಿ ಜಾಣತನದ್ದೇ. ಎಲೆ ಗಂಜಲವನ್ನು ಹೀರಿ ತೋಟಕ್ಕೆ ಗೊಬ್ಬರವಾಗುತ್ತದೆ, ದನಕ್ಕೆ ಬೆಚ್ಚಗೂ ಇರುತ್ತದೆ. ಆದರೆ ಈ ದರಕಿನೊಡನೆ ಕಾಡಿನ ಉಣುಗೂ ಬರುತ್ತದೆ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ದೊಡ್ಡ ಉಣುಗುಗಳು ದನದ ರಕ್ತ ಕುಡಿದು ಸಂತಾನ ಬೆಳೆಸುತ್ತವೆ; ಮನುಷ್ಯರಿಗೆ ಕಾಯಿಲೆ ತಗಲಿಸುವುದು ಹೆಚ್ಚಾಗಿ ಮರಿ ಉಣುಗು. ಅವು ಹೆಚ್ಚುವ ಚಳಿಗಾಲ ಬೇಸಗೆಗಳೇ ದರಕು ಗುಡಿಸುವ ಕಾಲವೂ ಹೌದು. ಆದಕಾರಣ ಆ ತಿಂಗಳುಗಳಲ್ಲಿ ನಾವು ಕಾಡಿನ ದರಕನ್ನು ಬಿಟ್ಟು ಭತ್ತದ ಹೊಟ್ಟನ್ನೂ ಹುಲ್ಲಿನ ಉಳಿಕೆಯನ್ನೂ ಹಾಸುತ್ತೇವೆ. ಪಶುವೈದ್ಯರು ಹೇಳಿದ ಔಷಧವನ್ನು ದನಗಳ ಮೈಗೆ ಹಚ್ಚುತ್ತೇವೆ. ಹುಲ್ಲಿನ ಅಟ್ಟವನ್ನು ಮನೆಯಿಂದ ದೂರಕ್ಕೆ ಸರಿಸಿದ್ದೇವೆ.

ಕೊನೆಯದಾಗಿ ಕರುಗಳ ಮೂಲೆ. ನಮ್ಮ ಕಡೆ ಚಿರತೆಯ ಭಯವಿದೆ. ಗಿಡ್ಡದ ಕರು ಅದಕ್ಕೆ ಒಂದು ತುತ್ತು. ಆದಕಾರಣ ಕರುವಿನ ಮೂಲೆಗೆ ಮಾಡಿನವರೆಗೂ ದಬ್ಬೆಯ ತಡಿಕೆ, ಒಳಗಿನಿಂದ ಮಾತ್ರ ತೆಗೆಯಬಹುದಾದ ಅಗಣಿ. ತಡಿಕೆಯ ಸಂದಿನಲ್ಲಿ ತಾಯಿಗೆ ಕರು ಕಾಣುತ್ತಿರಬೇಕು. ಕಾಣದಿದ್ದರೆ ರಾತ್ರಿಯಿಡೀ ಕೂಗುತ್ತದೆ.

ತಿದ್ದಿದ ಕೊಟ್ಟಿಗೆಗೆ ಆ ವರ್ಷದ ದೀಪಾವಳಿಯಲ್ಲಿ ಗೋಪೂಜೆಯಾಯಿತು. ಅಲ್ಲಿಂದ ಈಚೆಗೆ ಯಾವ ದನವೂ ಜಾರಿಲ್ಲ. ನಾನು ಈ ವರ್ಷ ಪದವೀಧರನಾಗುತ್ತೇನೆ. ನಮ್ಮ ಮನೆತನದಲ್ಲಿ ಮೊದಲನೆಯವನು. ನಾಳೆ ಯಾವುದೋ ಕಚೇರಿಯಲ್ಲಿ ಕುಳಿತು ಇತರರಿಗಾಗಿ ನಕ್ಷೆಯನ್ನೋ ನಿಯಮವನ್ನೋ ಬರೆಯುವ ಕೆಲಸ ನನಗೂ, ನನ್ನ ಸಹಪಾಠಿಗಳಲ್ಲಿ ಹಲವರಿಗೂ ಬಂದೀತು. ಆಗ ಅಪ್ಪಯ್ಯನಂಥವರು ಎದುರಿಗೆ ನಿಂತು, ಇದು ದೊಡ್ಡ ದನದ ಲೆಕ್ಕವಲ್ಲವೇ ಎಂದು ಮೆಲ್ಲಗೆ ಕೇಳಿದರೆ, ಪೆನ್ನು ಕೆಳಗಿಟ್ಟು ಒಮ್ಮೆ ಎದ್ದುಹೋಗಿ ದನವನ್ನು ನೋಡಿಬರುವಷ್ಟು ವಿದ್ಯೆ ನಮಗಿರಲಿ ಎಂಬುದೇ ನನ್ನ ಪ್ರಾರ್ಥನೆ.